ಬರೀ ನೀರು

ವಿಜೇತಾ ಟೀಚರು ಉಪ್ಪುಂದದ ಕಡಲ ದಂಡೆಯ ಶಾಲೆಗೆ ಬಂದು ಆಗಲೇ ಎರಡು ಮಳೆಗಾಲ ಕಳೆದಿತ್ತು. ಊರು ಬ್ರಹ್ಮಾವರದ ಕಡೆ. ಅಲ್ಲಿ ಅಣ್ಣನ ಮನೆಯಿತ್ತು. ಅಮ್ಮ ತೀರಿಕೊಂಡ ಮೇಲೆ ಅದು ಪೂರ್ತಿ ಅಣ್ಣನ ಮನೆಯೇ ಆಗಿಹೋಗಿತ್ತು. ಹೋದರೆ ಅತ್ತಿಗೆ ಕಪಾಟಿನಿಂದ ಒಳ್ಳೆಯ ಬಟ್ಟಲು ತೆಗೆದು ಬಡಿಸುತ್ತಿದ್ದಳು. ಒಳ್ಳೆಯ ಬಟ್ಟಲು ನೆಂಟರಿಗೆ ಎಂಬುದು ತಿಳಿಯದಷ್ಟು ಪೆದ್ದಿಯೇನೂ ಅಲ್ಲ ವಿಜೇತಾ. ಹಾಗಾಗಿ ಶನಿವಾರ ಬಂದರೆ ಅಣ್ಣನಿಗೆ ಫೋನು ಮಾಡಿ, "ಈ ವಾರ ಬಪ್ಪುಕಾತಿಲ್ಲೆ, ಪೇಪರ್ ತಿದ್ದೂಕಿತ್ತ್" ಎನ್ನುತ್ತಿದ್ದಳು. ಮೂರನೇ ಕ್ಲಾಸಿನ ಮಕ್ಕಳು ವಾರವಾರ ಅಷ್ಟು ಪೇಪರು ಬರೆದರೆ ದೇಶ ಎಲ್ಲಿಗೋ ಮುಟ್ಟುತ್ತಿತ್ತು. ಅಷ್ಟು ಪೇಪರು ಎಲ್ಲಿಂದ ಎಂದು ಅಣ್ಣ ಕೇಳುತ್ತಿರಲಿಲ್ಲ, ಅವಳಿಗೆ ಬೇಸರವಾಗುತ್ತಿದ್ದದ್ದೂ ಅದಕ್ಕೇ.

ಅವಳು ಬಾಡಿಗೆಗಿದ್ದದ್ದು ಬಾಗಿ ಎಂಬ ಮುದುಕಿಯ ಅಂಗಳದ ಮೂಲೆಯ ಕೋಣೆಯಲ್ಲಿ. ಹಿಂದೆ ಅಲ್ಲಿ ಬಲೆ ಇಡುತ್ತಿದ್ದರಂತೆ. ಎಷ್ಟು ಗುಡಿಸಿದರೂ ಕಡಲ ವಾಸನೆ ಹೋಗಿರಲಿಲ್ಲ. ಬಾಗಿಯ ಮಗ ಪಾಂಡು ಸ್ವಂತ ನಾಡದೋಣಿಯಲ್ಲಿ ಮೀನಿಗೆ ಹೋಗುವವನು. ಸೊಸೆ ಬೆಳಿಗ್ಗೆಯೇ ಬುಟ್ಟಿ ಹೊತ್ತು ಬೈಂದೂರಿನ ಮಾರ್ಕೆಟ್ಟಿಗೆ ಹೊರಟುಬಿಡುತ್ತಿದ್ದಳು. ದಿನಾ ಬೆಳಿಗ್ಗೆ ಬಾಗಿ ಬಾವಿಕಟ್ಟೆಯಿಂದ, "ಟೀಚರೆ, ಎದ್ದ್ರಿಯಾ?" ಎಂದು ಕೂಗುವಳು. ಶಾಲೆಯಲ್ಲಿ ನೂರು ಸಲ ಟೀಚರ್ ಟೀಚರ್ ಎಂದು ಕೂಗಿಸಿಕೊಂಡರೂ, ಅವಳು ಎದ್ದಳೋ ಮಲಗಿದಳೋ ಎಂದು ಕೇಳುವ ಕೂಗು ಅದೊಂದೇ. ಸಂಜೆ ಮೀನು ಸಾರಿನ ಪಾತ್ರೆ ಹಿಡಿದು ಬಾಗಿಯ ಮೊಮ್ಮಗಳು ದಿವ್ಯಾ ಬರುವಳು. ಆ ಹುಡುಗಿ ವಿಜೇತಾಳ ಕ್ಲಾಸಿನಲ್ಲೇ ಓದುತ್ತಿದ್ದಳು. ಪಾತ್ರೆ ಇಟ್ಟವಳು ಹೋಗುತ್ತಿರಲಿಲ್ಲ. ಟೀಚರು ನಾಳೆಯ ಕ್ಲಾಸಿಗೆಂದು ಬಿಡಿಸಿದ ಕಾರ್ಟೂನು ಇವತ್ತೇ ನೋಡಬೇಕಿತ್ತಲ್ಲ.

ಸುಳ್ಳು ಹೇಳಬಾರದು ಎಂದು ಬರಿಯ ಬಾಯಲ್ಲಿ ಹೇಳಿದರೆ ಮಕ್ಕಳು ಕಿಟಕಿಯಾಚೆ ಕಡಲು ನೋಡುತ್ತವೆ. ಅದಕ್ಕೇ ವಿಜೇತಾ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಕಿಟ್ಟ ಎಂಬ ಒಂದು ಏಡಿಯನ್ನು ಬಿಡಿಸತೊಡಗಿದ್ದಳು. ಟಿವಿಯ ಕಾರ್ಟೂನುಗಳು ಹಿಂದಿಯಲ್ಲಿ ಕಿರುಚುತ್ತಿದ್ದ ಕಾಲ ಅದು. ಇವಳ ಕಿಟ್ಟ ಅಪ್ಪಟ ಕುಂದಾಪ್ರ ಕನ್ನಡ ಮಾತಾಡುತ್ತಿದ್ದ. ಒಂದು ಸುಳ್ಳಿಗೆ ಅವನದೊಂದು ಕಾಲು ಉದುರುವುದು, ನಿಜ ಒಪ್ಪಿಕೊಂಡರೆ ಮತ್ತೆ ಚಿಗುರುವುದು. ಪೆನ್ಸಿಲು ಕದ್ದು ಇಲ್ಲ ಅಂದ, ಒಂದು ಕಾಲು ಹೋಯಿತು. ಹಲ್ಲುಜ್ಜದೆ ಉಜ್ಜಿದೆ ಅಂದ, ಇನ್ನೊಂದು ಹೋಯಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಏಡಿಯ ಕಾಲು ಉದುರಿ ಮತ್ತೆ ಬರುವುದನ್ನು ಕಣ್ಣಾರೆ ಕಂಡ ಮಕ್ಕಳಾದ್ದರಿಂದ ನಂಬುವುದಕ್ಕೇನೂ ಕಷ್ಟವಿರಲಿಲ್ಲ.

ದಿವ್ಯಾ ನಂಬಿದಷ್ಟು ಬೇರೆ ಯಾರೂ ನಂಬಲಿಲ್ಲ. ಅವಳ ಬಾಯಿಗೆ ಮೊದಲೇ ಬಾಗಿಲಿರಲಿಲ್ಲ. "ಟೀಚರ್, ನಿಮ್ಗೆ ಎಂತಕೆ ಮದಿ ಆಯ್ಲಿಲ್ಲ?" ಎಂದು ಮೊದಲ ದಿನವೇ ಕೇಳಿದ್ದಳು. ತನ್ನ ಮದುವೆಯ ಬಗ್ಗೆ ಊರಿಡೀ ಹಿಂದಿನಿಂದ ಆಡುತ್ತಿದ್ದದ್ದನ್ನು ಈ ಮಗು ಮುಖಕ್ಕೇ ಕೇಳಿತಲ್ಲ ಎಂದು ವಿಜೇತಾಳಿಗೆ ನಗು ಬಂದಿತ್ತು, ಸ್ವಲ್ಪ ಅಳುವೂ ಬಂದಿತ್ತು. ಅಂದಿನಿಂದ ಅವಳು ಸಂಜೆಯಾಗುವುದನ್ನೇ ಕಾಯತೊಡಗಿದಳು.

ಒಂದು ಸಂಜೆ ದಿವ್ಯಾ ಚಿತ್ರ ನೋಡದೆ ಸುಮ್ಮನೆ ಕೂತಿದ್ದಳು.

"ಎಂತ ಆಯ್ತ್?" ಎಂದಳು ವಿಜೇತಾ.

"ಟೀಚರ್, 'ಬರೀ ನೀರ್' ಅಂಬುದ್ ಸುಳ್ಳಾ?"

ಆ ದಂಡೆಯಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಯಾವ ದೋಣಿಯವನನ್ನಾದರೂ ಮೀನು ಸಿಕ್ಕಿತಾ ಎಂದು ಕೇಳಿ ನೋಡಿ, "ಎಂತ ಮೀನ್ ಮಾರಾಯ, ಬರೀ ನೀರ್" ಅನ್ನುತ್ತಾನೆ. ಸಿಕ್ಕದವನೂ ಅದನ್ನೇ ಹೇಳುತ್ತಾನೆ. ಬಲೆ ಎಳೆಯಲಾರದಷ್ಟು ಬಂಗುಡೆ ಮೀನು ಸಿಕ್ಕಿ, ಅದನ್ನು ಬೇರೆ ದಂಡೆಯಲ್ಲಿ ಇಳಿಸಿ ಖಾಲಿ ದೋಣಿ ತಂದವನೂ ಅದನ್ನೇ ಹೇಳುತ್ತಾನೆ. ಕೇಳಿದವನು ನಂಬುವುದೂ ಇಲ್ಲ, ಬೇಸರಿಸುವುದೂ ಇಲ್ಲ. ನಾಳೆ ಅವನ ಸರದಿ. ಮೀನು ಸಿಕ್ಕಿದ ಜಾಗ ಒಬ್ಬನ ಬಾಯಿಂದ ಹೊರಬಿದ್ದರೆ ಮರುದಿನ ಊರಿನ ದೋಣಿಗಳೆಲ್ಲ ಅಲ್ಲೇ ಇರುತ್ತವೆ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದದ್ದರಿಂದ ಯಾರ ಗುಟ್ಟೂ ಹೊರಬೀಳುತ್ತಿರಲಿಲ್ಲ.

ಬ್ರಹ್ಮಾವರದ ಗದ್ದೆ ಬದಿಯಲ್ಲಿ ಬೆಳೆದ ವಿಜೇತಾಳಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು. ಮೀನಿನ ಜಾಗ ಗುಟ್ಟಾಗಿರಲಿ ಎಂದು ಅಪ್ಪಯ್ಯ ಹಾಗೆ ಹೇಳಿಸುತ್ತಾನೆ ಎಂದಷ್ಟೇ ದಿವ್ಯಾಳಿಂದ ಕೇಳಿಕೊಂಡು, ತುಂಬ ಹೊತ್ತು ಯೋಚಿಸಿ, ಬಹಳ ಜಾಣತನದ್ದು ಎಂದು ತಾನೇ ಮೆಚ್ಚಿಕೊಂಡು ಒಂದು ದಾರಿ ತೋರಿಸಿದಳು.

"ಸುಳ್ಳೂ ಹೇಳ್ಬೇಡ, ಗುಟ್ಟೂ ಬಿಡ್ಬೇಡ. ಯಾರಾದ್ರೂ ಕೇಂಡ್ರೆ 'ನಾ ಹೇಳುದಿಲ್ಲೆ' ಅನ್ನ್. ಅಷ್ಟೇ."

ದಿವ್ಯಾಳ ಮುಖ ಅರಳಿತು. ಪಾತ್ರೆ ಎತ್ತಿಕೊಂಡು ಕುಣಿಯುತ್ತ ಹೋದಳು.

ಆ ವಾರವೇ ಪಾಂಡುವಿಗೆ ಕಡಲೊಳಗಿನ ಬಂಡೆಯ ಆಚೆ ಒಳ್ಳೆಯ ಬಂಗುಡೆ ಸಿಕ್ಕಿತು. ಮೀನನ್ನು ಬೇರೆ ಕಡೆ ಇಳಿಸಿ ಖಾಲಿ ದೋಣಿ ತಂದ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಗೋಪಿ ಎಂಬ ಇನ್ನೊಂದು ದೋಣಿಯವನು, ರೂಢಿಯಂತೆ, ಅಪ್ಪನ ದೋಣಿ ನೋಡಲು ಬಂದಿದ್ದ ದಿವ್ಯಾಳನ್ನು ಉತ್ತರ ಗೊತ್ತಿದ್ದೇ ಕೇಳಿದ.

"ಹ್ವಾಯ್ ಹೆಣ್ಣೆ, ಅಪ್ಪಯ್ಯಂಗೆ ಮೀನ್ ಸಿಕ್ಕಿತಾ?"

"ನಾ ಹೇಳುದಿಲ್ಲೆ," ಎಂದಳು ದಿವ್ಯಾ.

ಗೋಪಿ ಕೈಯಲ್ಲಿದ್ದ ಬಲೆ ಬಿಟ್ಟು ಎದ್ದು ನಿಂತ. ಅವನು ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳದ ಉತ್ತರ ಅದು. ಹೇಳುವುದಿಲ್ಲ ಎಂದರೆ ಹೇಳುವಂಥದ್ದು ಇದೆ ಎಂದಾಯಿತಲ್ಲ. ಮರುದಿನ ಪಾಂಡು ದೋಣಿ ಇಳಿಸುವ ಮೊದಲೇ ನಾಲ್ಕಾರು ದೋಣಿಗಳು ಎಂಜಿನು ಬಿಸಿ ಮಾಡಿಕೊಂಡು ಕಾದಿದ್ದವು. ಅವನ ಬೆನ್ನು ಹತ್ತಿ ಬಂಡೆಯಾಚೆ ಹೋಗಿ ಒಬ್ಬರ ಬಲೆಯ ಮೇಲೆ ಒಬ್ಬರು ಬಲೆ ಹಾಕಿದರು. ಸದ್ದಿಗೆ ಮೀನು ಚದುರಿಹೋಯಿತು. ಪಾಂಡುವಿನ ಬಲೆ ಇನ್ನೊಂದಕ್ಕೆ ಸಿಕ್ಕಿ ಉದ್ದಕ್ಕೂ ಹರಿಯಿತು. ಅವತ್ತು ಅವನಿಗೆ ಸಿಕ್ಕಿದ್ದು ನಿಜವಾಗಿಯೂ ಬರೀ ನೀರು.

ಸಂಜೆ ಸಾರಿನ ಪಾತ್ರೆ ಹಿಡಿದು ಬಾಗಿಯೇ ಬಂದಳು. ಹಿಂದೆ ದಿವ್ಯಾ, ಅತ್ತು ಅತ್ತು ಊದಿದ ಕಣ್ಣು.

"ಟೀಚರೆ, ಈ ಹೆಣ್ಣಿಗೆ ಒಂದಿಷ್ಟ್ ಬುದ್ಧಿ ಹೇಳಿ. ಗೋಪಿ ಕೇಂಡದ್ದಕ್ಕೆ 'ಹೇಳುದಿಲ್ಲೆ' ಅಂದಿತ್ತಂಬ್ರ. ಊರಿಗೆಲ್ಲ ಡಂಗುರ ಹೊಡದಾಂಗಾಯ್ತ್. ಪಾಂಡು ಉಂಡಿದ್ದಿಲ್ಲೆ, ಹರದ್ ಬಲೆ ಹಿಡ್ಕಂಡ್ ಕೂತಿದ. ಯಾರ್ ಕಲ್ಸಿದ್ದ್ ಕೇಂಡ್ರೆ 'ಯಾರೂ ಇಲ್ಲೆ, ನಂಗೇ ಅನ್ಸಿತ್' ಅಂತಿತ್ತ್."

ದಿವ್ಯಾ ವಿಜೇತಾಳನ್ನೇ ನೋಡುತ್ತಿದ್ದಳು. ಆ ಮಗುವಿನ ಬಾಯಿಂದ ಬಂದ ಮೊದಲ ಸುಳ್ಳು ಅದು, ಅದೂ ಟೀಚರನ್ನು ಉಳಿಸಲಿಕ್ಕೆ. ಹೇಳಿಕೊಟ್ಟದ್ದು ನಾನು ಎಂದರೆ ಮುಗಿಯಿತು. ಆದರೆ ಆಮೇಲೆ? ನಾಳೆ ಬಾವಿಕಟ್ಟೆಯಿಂದ ಕೂಗು ಬರಲಿಕ್ಕಿಲ್ಲ. ಕೋಣೆ ಬಿಡಿ ಎನ್ನಬಹುದು. ಬಿಟ್ಟು ಎಲ್ಲಿಗೆ ಹೋಗುವುದು, ಒಳ್ಳೆಯ ಬಟ್ಟಲಿನ ಮನೆಗಾ? ಅವಳಿಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು.

"ಮಕ್ಳಲ್ದಾ ಅಮ್ಮ," ಎಂದಳು ಕೊನೆಗೆ, "ಎಂತೆಂತದೋ ಹೇಳ್ತೋ. ನಾ ಹೇಳ್ತೆ ಅದಕ್ಕೆ."

ಬಾಗಿ ಪಾತ್ರೆ ಇಟ್ಟು ಹೋದಳು. ದಿವ್ಯಾ ಒಂದು ಗಳಿಗೆ ಬಾಗಿಲಲ್ಲೇ ನಿಂತು, ಟೀಚರ ಬಾಯಿಂದ ಇನ್ನೇನೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅಜ್ಜಿಯ ಹಿಂದೆಯೇ ಹೋದಳು. ವಿಜೇತಾ ಅವತ್ತು ಸಾರು ಮುಟ್ಟಲಿಲ್ಲ.

ಉಳಿಸಿಕೊಂಡದ್ದು ಉಳಿಯಿತು. ಬೆಳಿಗ್ಗೆ ಕೂಗು ಬಂತು, ಸಂಜೆ ಸಾರು ಬಂತು. ದಿವ್ಯಾ ಪಾತ್ರೆ ಬಾಗಿಲ ಹೊರಗೆ ಇಟ್ಟು, "ಇಟ್ಟಿದೆ ಟೀಚರ್," ಎಂದು ಅಲ್ಲಿಂದಲೇ ತಿರುಗಿಬಿಡುತ್ತಿದ್ದಳು. ಕೂತ್ಕೊ ಎಂದರೆ ಕೆಲಸವಿದೆ ಎನ್ನುವಳು. ಕೆಲಸವಿರಲಿಲ್ಲ, ಅಂಗಳದಲ್ಲಿ ಒಬ್ಬಳೇ ಕಲ್ಲಾಟ ಆಡುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದು ಗೋಡೆಯ ಆಚೆ ಆ ಮಗು ಒಂಟಿ, ಈಚೆ ಇವಳು ಒಂಟಿ. ಕ್ಲಾಸಿನಲ್ಲಿ ಏಡಿ ಕಿಟ್ಟ ಸುಳ್ಳು ಹೇಳುವುದನ್ನೇ ಬಿಟ್ಟ. ಉಗುರು ಕತ್ತರಿಸಿಕೊಂಡ, ಗಿಡ ನೆಟ್ಟ, ಕೈ ತೊಳೆದ. ಮಕ್ಕಳು ಮತ್ತೆ ಕಿಟಕಿಯಾಚೆ ಕಡಲು ನೋಡತೊಡಗಿದವು. ವಿಜೇತಾಳಿಗೂ ಅದೇ ಬೇಕಿತ್ತು. ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಚೌತಿ ಕಳೆದ ಮೇಲೆ ಕಡಲು ಕಣ್ಣು ಬಿಟ್ಟಿತು. ಎಲ್ಲ ದೋಣಿಗೂ ಮೀನು, ಎಲ್ಲ ಮನೆಯಲ್ಲೂ ನಗು. ಪಾಂಡು ಹರಿದ ಬಲೆಯನ್ನು ಹೆಣೆದು ಸರಿ ಮಾಡಿಕೊಂಡಿದ್ದ, ಗೋಪಿಯ ಜೊತೆ ಕೂತು ಚಾ ಕುಡಿಯುವಷ್ಟು ರಾಜಿಯೂ ಆಗಿತ್ತು. ಒಂದು ಭಾನುವಾರ ಬಾಗಿ ಅಂಗಳದಲ್ಲಿ ಚಾಪೆಯ ಮೇಲೆ ಮೀನು ಒಣಗಲು ಹರಡುತ್ತಿದ್ದಳು, ದಿವ್ಯಾ ಕಾಗೆ ಓಡಿಸುತ್ತಿದ್ದಳು. ವಿಜೇತಾ ಕೋಣೆಯಿಂದ ಹೊರಬಂದು ಎದುರು ನಿಂತಳು. ಇನ್ನು ಹೇಳದಿದ್ದರೆ ಎಂದೂ ಹೇಳಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

"ಅಮ್ಮ, ಅವತ್ತ್ 'ಹೇಳುದಿಲ್ಲೆ' ಅಂಬುಕೆ ಹೇಳ್ಕೊಟ್ಟದ್ದ್ ನಾನೇ. ದಿವ್ಯಾಂದ್ ತಪ್ಪಿಲ್ಲೆ."

ಬಾಗಿ ತಲೆಯೆತ್ತಿ ನೋಡಿದಳು, ಆಮೇಲೆ ನಕ್ಕುಬಿಟ್ಟಳು.

"ಅದಾ? ಅದ್ ಅವತ್ತೇ ಗೊತ್ತಿತ್ತ್ ಟೀಚರೆ. ಇಷ್ಟ್ ಸಣ್ಣ್ ಹೆಣ್ಣಿಗೆ ಅಷ್ಟ್ ದೊಡ್ಡ್ ಬುದ್ಧಿ ಎಲ್ಲಿಂದ ಬಪ್ಪುದ್?"

"ನೀವು ರೂಮ್ ಬಿಡಿ ಅಂತ್ರಿ ಅಂದ್ ಹೆದ್ರಿದ್ದೆ."

"ಎಂತ ಮಾತ್ ಅಂದ್ರಿ. ಮೀನ್ ಇವತ್ತ್ ಹೋತ್, ನಾಳೆ ಬತ್ತ್. ಅದಕ್ಕಾಯಿ ಮನ್ಸರನ್ನ ಬಿಡುದಾ?"

ವಿಜೇತಾಳಿಗೆ ಮೈಯೆಲ್ಲ ಹಗುರಾಯಿತು. ಇಷ್ಟು ಸುಲಭದ್ದಕ್ಕೆ ಇಷ್ಟು ದಿನ ಸತ್ತೆನಲ್ಲ ಎನ್ನಿಸಿತು. ದಿವ್ಯಾಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಅವತ್ತೇ ಹೇಳ್ಕಿತ್ತ್ ಮಗಾ. ನಂದೇ ತಪ್ಪ್."

ದಿವ್ಯಾ ಕಾಗೆಯ ಕಡೆಯೇ ನೋಡುತ್ತ, "ಈಗ ಮೀನ್ ಸಿಕ್ತಿತ್ತಲೆ, ಅದ್ಕೆ ಹೇಳಿದ್ರಿ," ಎಂದಳು.

"ಹೆಣ್ಣೆ, ಟೀಚರಿಗೆ ಹಾಂಗೆ ಅಂಬುದಾ?" ಎಂದು ಬಾಗಿ ಗದರಿದಳು.

ದಿವ್ಯಾ ಈಗ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. "ಮೀನ್ ಸಿಕ್ಕದೇ ಇದ್ದಿರೆ ಹೇಳ್ತಿದ್ದಿರಾ ಟೀಚರ್?"

ಒಂದು ಸಣ್ಣ ಹೂಂ ಸಾಕಿತ್ತು. ಬಾಗಿ ನಂಬುತ್ತಿದ್ದಳು. ಮಗುವಿಗೂ ಬೇಕಾಗಿದ್ದದ್ದು ಅದೇ. ಹೂಂ ಎಂದರೆ ಸಂಜೆ ಪಾತ್ರೆ ತಂದು ಒಳಗೆ ಬಂದು ಕೂತುಬಿಡುವಳು ಎಂಬುದು ಆ ಕಣ್ಣಿನಲ್ಲೇ ಕಾಣುತ್ತಿತ್ತು. ಇಡೀ ಉಪ್ಪುಂದದಲ್ಲಿ ವಿಜೇತಾಳಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

"ಇಲ್ಲೆ," ಎಂದಳು. "ಹೇಳ್ತಿರ್ಲಿಲ್ಲ."

ದಿವ್ಯಾ ಖಾಲಿ ಬುಟ್ಟಿ ಎತ್ತಿಕೊಂಡು, ಅಪ್ಪಯ್ಯನ ದೋಣಿ ಬಂತಾ ಕಾಣುತ್ತೇನೆ ಎಂದು ಅಜ್ಜಿಗೆ ಹೇಳಿ, ಕಡಲ ಕಡೆ ನಡೆದಳು. ಬಾಗಿ ಏನೋ ಸಮಾಧಾನ ಹೇಳುತ್ತಲೇ ಇದ್ದಳು. ಕಾಗೆ ಮತ್ತೆ ಚಾಪೆಗೆ ಇಳಿದಿತ್ತು; ಅದನ್ನು ಓಡಿಸಲು ವಿಜೇತಾ ಕೈಯೆತ್ತಿದಳು.