ದಬ್ಬಳಕ್ಕನ ಭರ್ಜಿ ಚಾಕು

ಟೆಂಟು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಟೆಂಟು ಹೊಲಿದ ಹೆಂಗಸನ್ನು ಎಲ್ಲರೂ ದಬ್ಬಳಕ್ಕ ಎಂದೇ ಕರೆಯುತ್ತಿದ್ದರು. ದಪ್ಪ ಬಟ್ಟೆಗೆ ಬಳಸುವ ಆ ಉದ್ದ ಸೂಜಿ ಸದಾ ಅವಳ ಕೈಯಲ್ಲಿರುತ್ತಿತ್ತು ಎನ್ನುವುದು ಒಂದು ಕಾರಣ. ನಾಲಗೆಯೂ ಅದೇ ಜಾತಿಯದು ಎನ್ನುವುದು ಇನ್ನೊಂದು. ಅಂಗಡಿ ಅವಳ ಅಣ್ಣನದು. ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ಮೂರು ದಿನ ಬಿಡಾರ ಹೂಡಿ ಬರುವ ಹನ್ನೊಂದು ಗಂಡಸರ ಗುಂಪಿಗೂ ಆ ಅಣ್ಣನೇ ಲೀಡರ್. ಸೊಂಟದಲ್ಲಿ ಫಳಫಳ ಹೊಳೆಯುವ ಚಾಕು ಸಿಕ್ಕಿಸಿಕೊಂಡು ಅವನು ಅಂಗಡಿಯಿಂದ ಹೊರಟನೆಂದರೆ ಸಾಕ್ಷಾತ್ ಕಾಡೇ ಅವನಿಗೆ ಬಾಡಿಗೆ ಕೊಡಬೇಕು, ಹಾಗಿರುತ್ತಿತ್ತು ನಡಿಗೆ.

ಟೆಂಟುಗಳೋ, ಹೋಗಿ ಬರುತ್ತಿದ್ದವು. ಹರಿದುಕೊಂಡು, ಕೆಸರು ಮೆತ್ತಿಕೊಂಡು ವಾಪಸು ಬಂದು ಇವಳ ಮಡಿಲಿಗೆ ಬೀಳುತ್ತಿದ್ದವು. ಅವುಗಳ ಮಡಿಕೆಯಲ್ಲಿ ಸಿಕ್ಕಿಕೊಂಡ ಒಣ ಎಲೆ, ಸತ್ತ ಇರುವೆ, ಹಕ್ಕಿಯ ಒಂದೆರಡು ಪುಕ್ಕ, ಇಷ್ಟೇ ದಬ್ಬಳಕ್ಕ ಕಂಡ ಕಾಡು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಟೆಂಟಿನೊಳಗೆ ಮಲಗಿದವಳಲ್ಲ. ಐವತ್ತು ತುಂಬಿದ ವಾರ ಈ ಸಂಗತಿ ಅವಳ ಹೊಟ್ಟೆಯಲ್ಲಿ ಉರಿಯತೊಡಗಿತು. ಉರಿಯದೆ ಇನ್ನೇನು ಮಾಡೀತು ಹೇಳಿ?

ಈ ಸಲ ನಾನೂ ಬರುತ್ತೇನೆ ಎಂದು ಅವಳು ಅಣ್ಣನಿಗೆ ಹೇಳಿಯೇಬಿಟ್ಟಳು. ಅವನು ಬೇಡವೆನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಅವನು ನಕ್ಕ. ಬಾರಮ್ಮ, ಯಾರು ತಡೆದರು, ಆದರೆ ರೂಲ್ಸು ರೂಲ್ಸೇ ಎಂದ.

ಆ ರೂಲ್ಸು ಅವನೇ ಮಾಡಿದ್ದು. ಗುಂಪಿನ ಪ್ರತಿಯೊಬ್ಬನ ಬಳಿಯೂ ಸ್ವಂತ ಭರ್ಜಿ ಚಾಕು ಇರಬೇಕು, ಅಂದರೆ ಕೈಯಲ್ಲಿ ಹಿಡಿದರೆ ಚಾಕು, ಕೋಲಿನ ತುದಿಗೆ ಕೂರಿಸಿದರೆ ಭರ್ಜಿ ಆಗುವಂಥದ್ದು. ಹಳ್ಳ ದಾಟುವಾಗ ಊರಲು, ಕಟ್ಟಿಗೆ ಸೀಳಲು, ಗೂಟಕ್ಕೆ ಗುಂಡಿ ತೋಡಲು ಎಲ್ಲಕ್ಕೂ ಅದೇ. ಹೊರಡುವ ಮುಂಚಿನ ಭಾನುವಾರ ಅಂಗಡಿಯ ಹಿತ್ತಲಲ್ಲಿ ಪರೀಕ್ಷೆ. ಚಾಕುವಿನ ಒಡೆಯ ಅದನ್ನು ಮರದ ತುಂಡಿನ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿಯಬೇಕು. ಲೀಡರ್ ಮರದ ಕೊಡತಿಯಿಂದ ಅದರ ಬೆನ್ನಿಗೆ ಮೂರು ಏಟು ಹಾಕಬೇಕು. ತುಂಡು ಸೀಳಿ ಚಾಕು ನೆಟ್ಟಗಿದ್ದರೆ ಕಾಡಿಗೆ. ಇಲ್ಲದಿದ್ದರೆ ರಸ್ತೆ ಮುಗಿಯುವಲ್ಲೇ ಇಳಿದು, ಮೂರು ದಿನ ಅಲ್ಲೇ ಸಾಮಾನು ಕಾಯುತ್ತ ಕೂರಬೇಕು. ಹಿಂದಿನ ವರ್ಷ ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರ ಚಾಕು ಮುರಿದು, ಪಾಪ, ಆತ ಮೂರು ದಿನ ಸೊಳ್ಳೆ ಹೊಡೆದುಕೊಂಡು ಕೂತಿದ್ದರು. ತಂಗಿಗೂ ಅದೇ ಗತಿ ಎಂದು ಅಣ್ಣ ಲೆಕ್ಕ ಹಾಕಿದ್ದ.

ಮರುದಿನ ಅವಳು ಚಾಕು ಅಂಗಡಿಗೆ ಹೋದಾಗ ಅಂಗಡಿಯವನು ಕೇಳುವ ಮೊದಲೇ ಹಣ್ಣು ಹೆಚ್ಚುವ ಚಾಕುಗಳನ್ನು ಮುಂದಿಟ್ಟ. ಹಿಡಿ ಗುಲಾಬಿ ಬಣ್ಣದ್ದು. ಅಣ್ಣನವರು ಫೋನ್ ಮಾಡಿದ್ದರು, ಏನಾದರೂ ಚಿಕ್ಕದು ಕೊಟ್ಟು ಕಳಿಸಿ ಅಂದರು ಎಂದು ಬೇರೆ ಹೇಳಿದ. ದಬ್ಬಳಕ್ಕನಿಗೆ ಮೈಯೆಲ್ಲ ಉರಿಯಿತು. ಅಣ್ಣನಿಗೆ ಹಣ್ಣು ಹೆಚ್ಚಬೇಕಾದರೆ ಅವನಿಗೇ ಎರಡು ಕಟ್ಟಿಡಿ, ನನಗೆ ಭರ್ಜಿ ಚಾಕು ತೋರಿಸಿ ಎಂದಳು.

ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಒಂದನ್ನು ತೆಗೆದ. ಥೇಟ್ ಅಣ್ಣನ ಸೊಂಟದಲ್ಲಿದ್ದಂಥದ್ದೇ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಆ ಮುಚ್ಚಳ ತಿರುಗಿಸಿದರೆ ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ, ದಾರ. ಅದನ್ನೆಲ್ಲ ತೆಗೆದು ಕೋಲು ತೂರಿಸಿದರೆ ಭರ್ಜಿ ಸಿದ್ಧ, ಕಾಡಿಗೆ ಹೋಗುವವರೆಲ್ಲ ಇದನ್ನೇ ಒಯ್ಯುತ್ತಾರೆ ಎಂದು ಅವನು ಹೊಗಳಿದ್ದೇ ಹೊಗಳಿದ್ದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿರುವ ಹೆಂಗಸು ಇವಳು. ಹಿಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು, ಡಬ್ಬಿ ತಟ್ಟಿದ ಹಾಗೆ ಸದ್ದಾಯಿತು. ಈ ಅಲಗು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಕೇಳಿದಳು. ಅಂಗಡಿಯವನಿಗೆ ಇಪ್ಪತ್ತು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಡವರಿಸಿ, ಒಂದು ಬೆರಳಷ್ಟು ಇರಬಹುದು, ಒಳಗೆ ನಟ್ಟು ಹಾಕಿರ್ತಾರೆ ಎಂದ. ಇಷ್ಟುದ್ದದ ಅಲಗಿಗೆ ಒಂದು ಬೆರಳಿನ ಬೇರು! ಅವಳ ಕೋಣೆಯ ಮೂಲೆಯಲ್ಲಿ ಹಾಗೇ ಗಿಡ್ಡ ಬೇರಿನ ಕತ್ತರಿಗಳು ನಾಲ್ಕು ಬಿದ್ದಿದ್ದವು, ನಾಲ್ಕೂ ದಪ್ಪ ಬಟ್ಟೆಗೆ ಹೆದರಿ ಕುತ್ತಿಗೆಯಲ್ಲೇ ಮುರಿದವು.

ಕೆಳಗಿನ ಕಪಾಟಿನಲ್ಲಿ ಧೂಳು ಹಿಡಿದ ಕಪ್ಪು ಚಾಕು ಒಂದಿತ್ತು. ಯಾವ ಸಿಂಗಾರವೂ ಇಲ್ಲ. ತುದಿಯಿಂದ ಹಿಡಿಯ ಕೊನೆಯವರೆಗೆ ಒಂದೇ ಉಕ್ಕಿನ ಪಟ್ಟಿ, ಅದಕ್ಕೆ ಎರಡೂ ಕಡೆ ಮರದ ತುಂಡು ಕೂರಿಸಿ ಮೊಳೆ ಬಡಿದಿದ್ದರು. ಕೋಲಿಗೆ ಕಟ್ಟಲು ಹಿಡಿಯಲ್ಲಿ ಮೂರು ತೂತು. ಅಂಗಡಿಯವನು ಅದು ಬಹಳ ಭಾರ, ಹೆಂಗಸರಿಗಲ್ಲ ಎಂದ. ದಿನಕ್ಕೆ ಮೂವತ್ತು ಕಿಲೋ ಟೆಂಟು ಎತ್ತಿಳಿಸುವ ತೋಳನ್ನು ಅವಳು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

“ನನಗೇನು ಭಾರ, ಏನು ಹಗುರ ಅಂತ ನಾನು ಹೇಳ್ತೀನಿ. ಇದನ್ನ ಕಟ್ಟಿ ಕೊಡಿ.”

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದಬ್ಬಳಕ್ಕನೂ ಮನುಷ್ಯಳೇ. ಮನೆಗೆ ಬಂದು ಚಾಕುವಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಥೂ, ಇದೇನು ಮೊಂಡು ಎಂದುಕೊಂಡಳು. ಬಟ್ಟೆ ಕತ್ತರಿಗೆ ಸಾಣೆ ಹಿಡಿದ ಕೈ ಸುಮ್ಮನಿರುತ್ತದೆಯೇ? ಎರಡು ಸಂಜೆ ಕೂತು, ಗಾಳಿಯಲ್ಲಿ ಬಿಟ್ಟ ದಾರ ತುಂಡಾಗುವಷ್ಟು ಹರಿತ ಮಾಡಿದಳು. ಅಂಚು ಕಾಗದದಷ್ಟು ತೆಳುವಾಯಿತು. ಕಟ್ಟಿಗೆ ಸೀಳುವ ಅಲಗಿಗೆ ಸ್ವಲ್ಪ ದಪ್ಪ ಬೇಕೇ ಬೇಕು ಎಂಬುದು ಕಟ್ಟಿಗೆಯವರಿಗೆ ಗೊತ್ತು, ಬಟ್ಟೆಯವರಿಗೆ ಗೊತ್ತಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಹಾಗಾಯಿತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಎಲ್ಲರೂ ಸೇರಿದರು. ಒಬ್ಬೊಬ್ಬರಾಗಿ ಹಿಡಿದರು, ಅಣ್ಣ ಹೊಡೆದ. ಡಾಕ್ಟರ ಹೊಸ ಚಾಕು ಈ ಸಲ ಪಾಸಾಯಿತು, ಆತ ಮಗುವಿನಂತೆ ನಕ್ಕರು. ಕೊನೆಗೆ ದಬ್ಬಳಕ್ಕನ ಸರದಿ. ಅಣ್ಣ ತುಂಡುಗಳ ರಾಶಿಯಲ್ಲಿ ಕೈಯಾಡಿಸಿ, ನಡುವೆ ದೊಡ್ಡ ಗಂಟಿದ್ದ ಒಂದನ್ನು ಆರಿಸಿ ತಂದಿಟ್ಟ. ಅವಳು ಅದನ್ನು ನೋಡಿಯೂ ಚಾಕುವನ್ನು ಅದರ ಮೇಲಿಟ್ಟು ಹಿಡಿದಳು. ಮೊದಲ ಏಟಿಗೆ ಅಲಗು ಸರಕ್ಕನೆ ಇಳಿಯಿತು. ಎರಡನೆಯದಕ್ಕೆ ಗಂಟು ತಗಲಿ ನಿಂತಿತು. ಮೂರನೆಯದಕ್ಕೆ ಟಿಕ್ ಎಂದಿತು. ಎತ್ತಿ ನೋಡಿದರೆ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಕ್ಕೆ ಹಾರಿತ್ತು.

ಅಣ್ಣ ಕೊಡತಿಯನ್ನು ಹೆಗಲಿಗೇರಿಸಿದ. ಸರಿ, ರಸ್ತೆ ಹತ್ತಿರ ಸಾಮಾನು ನೋಡಿಕೋ, ಅದೂ ಮುಖ್ಯವಾದ ಕೆಲಸವೇ ಎಂದು ಸಮಾಧಾನ ಬೇರೆ ಹೇಳಿದ. ಆ ಸಮಾಧಾನವೇ ಅವಳಿಗೆ ಏಟಿಗಿಂತ ಹೆಚ್ಚು ನೋವು ಮಾಡಿತು. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

“ತಪ್ಪು ಚಾಕುವಿನದಲ್ಲ, ನಂದು. ಬಟ್ಟೆಗೆ ಹಿಡಿಯೋ ಸಾಣೆ ಹಿಡಿದೆ,” ಎಂದಳು. “ಸರಿ ಮಾಡ್ತೀನಿ. ಕೂತಿರಿ.”

ಒಳಗಿನಿಂದ ಒರಟು ಸಾಣೆಕಲ್ಲು, ಒಂದು ಚೊಂಬು ನೀರು ತಂದು ನೆಲದ ಮೇಲೆ ಕೂತೇ ಬಿಟ್ಟಳು. ಒಂದು ಗಂಟೆ ತಿಕ್ಕಿದಳು. ತೆಳು ಅಂಚು ಸವೆದು, ಚಕ್ಕೆ ಮಾಯವಾಗಿ, ದಪ್ಪ ಅಂಚು ಕಾಣಿಸಿತು. ಆ ಒಂದು ಗಂಟೆಯೂ ಅಣ್ಣ ಎರಡನೇ ಅವಕಾಶ ಯಾರಿಗೂ ಕೊಟ್ಟಿಲ್ಲ, ರೂಲ್ಸು ಮುರಿಯಲಾಗದು ಎಂದು ಹೇಳುತ್ತಲೇ ಇದ್ದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದ ಹಾಗೆ. ಆದರೂ ಉಳಿದ ಹತ್ತು ಜನರಲ್ಲಿ ಒಬ್ಬನೂ ಮನೆಗೆ ಹೋಗಲಿಲ್ಲ.

ದಬ್ಬಳಕ್ಕ ಎದ್ದು ಕೈ ಒರೆಸಿಕೊಂಡಳು. ಅಣ್ಣನ ಸೊಂಟದ ಕಡೆ ನೋಡಿದಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು, ಇಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲವೋ. ಹಿಡಿಯುವವರು ಹತ್ತು ಜನ, ಹೊಡೆಯುವವನು ಒಬ್ಬನೇ. ಹೊಡೆಯುವವನ ಚಾಕುವನ್ನು ಯಾರು ಹೊಡೆದರು?

“ಅಣ್ಣಾ, ನಿನ್ನ ಚಾಕು ಯಾವತ್ತಾದ್ರೂ ಈ ತುಂಡಿನ ಮೇಲೆ ಇಟ್ಟಿದ್ದೀಯಾ?”

ಲೀಡರಿಗೆ ಪರೀಕ್ಷೆ ಎಂಥದ್ದು ಎಂದು ಅಣ್ಣ ನಗಲು ನೋಡಿದ. ಬೇರೆ ಯಾರೂ ನಗಲಿಲ್ಲ. ಮೂರು ದಿನ ಸೊಳ್ಳೆ ಹೊಡೆದ ಡಾಕ್ಟರಂತೂ ತಮ್ಮ ಕುರ್ಚಿಯನ್ನು ಸ್ವಲ್ಪ ಮುಂದಕ್ಕೇ ಎಳೆದುಕೊಂಡರು.

“ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಬಿಡು,” ಎಂದಳು ದಬ್ಬಳಕ್ಕ. ಧ್ವನಿ ಏರಿಸಲಿಲ್ಲ. “ಕೊಡತಿ ಇಲ್ಲಿ ಕೊಡು. ನೀನು ಹಿಡಿ, ನಾನು ಹೊಡೀತೀನಿ. ನಿಂದು ನಿಂತರೆ ನಾನು ರಸ್ತೆ ಹತ್ರಾನೇ ಕೂರ್ತೀನಿ, ಇನ್ನು ಯಾವತ್ತೂ ಕೇಳಲ್ಲ.”

ಅಣ್ಣ ಕೊಡತಿ ಕೊಟ್ಟ. ಚಾಕು ತೆಗೆದ. ಹೊಳೆಯುವ ಅಲಗನ್ನು ಅದೇ ಗಂಟಿನ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದ. ಅವಳು ಕೊಡತಿ ಎತ್ತಿದಳು. ಎತ್ತಿದ ಕೈ ಇಳಿಯುವ ಮೊದಲೇ ಅಣ್ಣ ಚಾಕುವನ್ನು ಹಿಂದಕ್ಕೆ ಎಳೆದುಕೊಂಡ.

“ಬೇಡ. ಮುರಿದು ಹೋಗತ್ತೆ,” ಎಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆದರೆ ಹಿತ್ತಲು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎಲ್ಲರಿಗೂ ಕೇಳಿಸಿತು.

ಗೊತ್ತಿತ್ತು ಅವನಿಗೆ. ವರ್ಷಗಳಿಂದ ಗೊತ್ತಿತ್ತು. ಗೊತ್ತಿದ್ದೂ ಸೊಂಟಕ್ಕೆ ಕಟ್ಟಿಕೊಂಡು, ಬೇರೆಯವರ ಚಾಕು ಮುರಿದು, ರಸ್ತೆಯಲ್ಲಿ ಕೂರಿಸಿ, ಇವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಮುಂದೆ ನಡೆದಿದ್ದ. ದಬ್ಬಳಕ್ಕನ ಬಾಯಿಗೆ ನೂರು ಮಾತು ಬಂದವು, ಒಂದಕ್ಕಿಂತ ಒಂದು ಚೂಪು. ಅಣ್ಣನ ಕೆಂಪಾದ ಕಿವಿ ನೋಡಿ ಅವಳು ಅಷ್ಟನ್ನೂ ನುಂಗಿದಳು. ಕರುಣೆಯಿಂದಲ್ಲ, ಅವಳಿಗೆ ಬೇಕಾಗಿದ್ದುದು ಅವನ ಅವಮಾನವಲ್ಲ, ತನ್ನ ಮೂರು ದಿನ.

ಅವಳು ಕೊಡತಿಯನ್ನು ಅವನಿಗೆ ವಾಪಸು ಕೊಟ್ಟು, ತನ್ನ ಕಪ್ಪು ಚಾಕುವನ್ನು ಗಂಟಿನ ಮೇಲಿಟ್ಟು ಹಿಡಿದಳು. ಹೊಡಿ ಎಂದಳು. ಅಣ್ಣ ಹೊಡೆದ, ಅವಮಾನವನ್ನೆಲ್ಲ ಸೇರಿಸಿ ಹೊಡೆದ. ಅವಳ ತೋಳು ಭುಜದವರೆಗೂ ಜುಮ್ಮೆಂದಿತು, ಹಿಡಿ ಬಿಡಲಿಲ್ಲ. ಮೂರನೇ ಏಟಿಗೆ ಗಂಟಿನ ಸಮೇತ ತುಂಡು ಎರಡಾಗಿ ಬಿತ್ತು. ಅಲಗಿನ ಅಂಚನ್ನು ಡಾಕ್ಟರು ಕನ್ನಡಕ ಏರಿಸಿ ಹಲ್ಲು ನೋಡುವಂತೆ ನೋಡಿ, ಏನೂ ಆಗಿಲ್ಲ ಎಂದರು.

ಎಲ್ಲರೂ ಹೊರಟ ಮೇಲೆ ಅಣ್ಣ ಸೀಳಿದ ಕಟ್ಟಿಗೆಯನ್ನೆಲ್ಲ ಆಯ್ದು ರಾಶಿ ಹಾಕಿದ. ಕೊನೆಗೆ, ನಾಳೆ ಚಾಕು ಅಂಗಡಿಗೆ ಬಂದು ನನಗೂ ಒಂದು ಚಾಕು ಆರಿಸಿಕೊಡ್ತೀಯಾ ಎಂದು ಕೇಳಿದ.

“ಆರಿಸಿಕೊಡ್ತೀನಿ,” ಎಂದಳು ದಬ್ಬಳಕ್ಕ. “ಆದರೆ ಹೊಡೆಯೋದು ನಾನೇ.”

ಅವನು ಕೊಡತಿಯನ್ನು ತಂದು ಅವಳ ಕೈಗೆ ಕೊಟ್ಟ.