ಬಾಡಿಗೆ ಹಲ್ಲು

ಬೆಳಗಿನಿಂದ ಅವನ ನಾಲಿಗೆಗೆ ಒಂದೇ ಕೆಲಸ. ಬಲಗಡೆಯ ಕೆಳದವಡೆಯ ಹಲ್ಲಿನ ತನಕ ಹೋಗುವುದು, ಮೆಲ್ಲಗೆ ತಳ್ಳಿ ನೋಡುವುದು, ಅದು ಅಲ್ಲಾಡಿದ ಕೂಡಲೇ ಹೆದರಿ ವಾಪಸು ಓಡಿ ಬರುವುದು. ಬಂದದ್ದು ತೆಪ್ಪಗೆ ಕೂರುತ್ತದೆಯೇ? ಪಕ್ಕದ ಮನೆಯಲ್ಲಿ ಜಗಳ ಕೇಳಿದ ಹಾಗೆ ಮತ್ತೆ ಇಣುಕಲು ಎದ್ದು ಹೋಗುತ್ತದೆ.

ಅವನನ್ನು ಎಲ್ಲರೂ ಕುರುಂ ಎಂದೇ ಕರೆಯುತ್ತಿದ್ದರು. ಟೀವಿಯಲ್ಲಿ ಚೆಂದದ ಹುಡುಗಿಯೊಬ್ಬಳು ಚಿಪ್ಸ್ ಕಚ್ಚಿದಾಗ 'ಕುರುಂ' ಅನ್ನುತ್ತದಲ್ಲ, ಆ ಸದ್ದು ಅವಳದಲ್ಲ. ನಗು ಅವಳದು, ಹಲ್ಲು ಇವನದು. ಕುರುಕಲು ತಿಂಡಿಯ ಕಂಪನಿಗಳಿಗೆ ಮೈಕಿನ ಮುಂದೆ ಕೂತು ಕಚ್ಚಿಕೊಡುವುದೇ ಇವನ ಉದ್ಯೋಗ. ಮಿಕ್ಕವರು ಹಲ್ಲು ಕಚ್ಚಿಕೊಂಡು ಸಂಸಾರ ಮಾಡಿದರೆ ಇವನು ಕಚ್ಚಿ ಕಚ್ಚಿಯೇ ಮಾಡಿದ್ದ. ಮನೆ ಬಾಡಿಗೆಗೆ ಕೊಟ್ಟು ಬದುಕುವವರಿದ್ದಾರೆ. ಇವನು ಹಲ್ಲು ಬಾಡಿಗೆಗೆ ಬಿಟ್ಟಿದ್ದ.

ಪ್ರತಿ ರೆಕಾರ್ಡಿಂಗ್ ಮುಗಿದ ಮೇಲೆ ಕಂಪನಿಯವರು ಪ್ರೀತಿಯಿಂದ ಒಂದು ರಟ್ಟಿನ ಡಬ್ಬಿ ತುಂಬ ಪ್ಯಾಕೆಟ್ ಹೊರಿಸಿ ಕಳಿಸುತ್ತಿದ್ದರು. ಆ ಡಬ್ಬಿಗಳು ಮನೆಯಲ್ಲಿ ಟೀವಿಯ ಪಕ್ಕ ಗೋಡೆಯಂತೆ ಎದ್ದು ನಿಂತಿದ್ದವು. ಏಳನೇ ತರಗತಿಯ ಮಗಳು ಆ ಗೋಡೆಯನ್ನು ದಿನಾ ಕೆಡವುತ್ತಿದ್ದಳು, ಅಪ್ಪ ದಿನಾ ಕಟ್ಟುತ್ತಿದ್ದ. ಓದುವಾಗ ಒಂದು ಪ್ಯಾಕೆಟ್, ಓದದೆ ಇರುವಾಗ ಎರಡು.

ಹೋದ ವಾರ ಹೆಂಡತಿಗೆ ಗೊತ್ತಾಗದ ಹಾಗೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದ. ಆಕೆ ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ದೀಪ ಹಿಡಿದು, "ಏನ್ ತಿಂತೀರಿ ನೀವು?" ಎಂದಳು.

"ಕೆಲಸ ತಿಂತೀನಿ ಮೇಡಂ," ಎಂದು ಕಥೆಯೆಲ್ಲ ಹೇಳಿದ. "ಆದ್ರೆ ಸಿಹಿ ಮಾತ್ರ ಮುಟ್ಟಲ್ಲ. ನಂದೆಲ್ಲಾ ಖಾರದ್ದು."

"ಖಾರ ನಿಮ್ಮ ನಾಲಿಗೆಗೆ. ಹಲ್ಲಿಗೆ ಅದೂ ಸಿಹಿನೇ ರೀ." ಡಾಕ್ಟರಮ್ಮ ಸಣ್ಣ ಕನ್ನಡಿಯಿಂದ ಒಸಡನ್ನು ತಟ್ಟಿದಳು. "ಅದರಲ್ಲಿರೋದು ಏನು? ನುಣ್ಣಗೆ ಮಾಡಿ, ಉಬ್ಬಿಸಿ, ಬಣ್ಣ ಬಳಿದ ಹಿಟ್ಟು. ಎಂಜಲು ಸೇರಿದ ಕೂಡಲೇ ಗೋಂದಾಗಿ ಒಸಡಿನ ಅಂಚಿಗೆ ಮೆತ್ಕೊಳ್ಳುತ್ತೆ. ಅಲ್ಲೇ ಕೂತು ಸಕ್ಕರೆ ಆಗುತ್ತೆ. ಕ್ರಿಮಿಗಳಿಗೆ ಮೂರು ಹೊತ್ತೂ ಔತಣ. ಒಸಡು ಊದುತ್ತೆ, ರಕ್ತ ಬರುತ್ತೆ, ಆಮೇಲೆ ಕೆಳಗಿನ ಮೂಳೆನೇ ಸವೆದು ಹೋಗುತ್ತೆ."

"ಅಂದ್ರೆ ನನ್ನ ಹಲ್ಲು ಗಟ್ಟಿ ಇಲ್ವಾ?"

"ಹಲ್ಲು ಭೇಷಾಗಿದೆ. ಕಂಬ ಗಟ್ಟಿ ಇದೆ, ನೆಲ ಕುಸಿದಿದೆ. ಇವತ್ತಿಂದ ಆ ಕಡೆ ಕಚ್ಚಲೇಬೇಡಿ."

"ಕಚ್ಚದೇ ಇದ್ರೆ ತಿನ್ನೋದೇನು ಮೇಡಂ?"

ಆಕೆ ದೀಪ ಆರಿಸಿ ಕುರ್ಚಿಯನ್ನು ನೆಟ್ಟಗೆ ಮಾಡಿದಳು.

ಮನೆಯಲ್ಲಿ ಅವನು ಬಾಯಿ ಬಿಡಲಿಲ್ಲ. ಮಾತಿಗೂ ಬಿಡಲಿಲ್ಲ, ನಗುವುದಕ್ಕೂ ಬಿಡಲಿಲ್ಲ. ಹಲ್ಲುಜ್ಜಿದ ಮೇಲೆ ಬೇಸಿನ್ನಿನಲ್ಲಿ ಉಳಿಯುವ ಗುಲಾಬಿ ನೊರೆಯನ್ನು ಅಂಗೈಯಿಂದ ಬಳಿದು, ನಲ್ಲಿ ಬಿಟ್ಟು, ಸಾಕ್ಷಿ ಇಲ್ಲದಂತೆ ಮಾಡುತ್ತಿದ್ದ. ಹೊಸ ತಿಂಡಿಯ ರೆಕಾರ್ಡಿಂಗ್ ಒಂದು ಆಗಿಬಿಟ್ಟರೆ ವರ್ಷದ ಕರಾರು ಕೈಗೆ ಬರುತ್ತದೆ. ಅಲ್ಲಿಯವರೆಗೆ ಈ ಹಲ್ಲು ಮರ್ಯಾದೆಯಾಗಿ ನಿಂತರೆ ಸಾಕು.

ಆ ರೆಕಾರ್ಡಿಂಗ್ ಇವತ್ತು. ಬ್ರಷ್ ಹಿಡಿದು ಬಚ್ಚಲಿಗೆ ಹೋದವನು ಹಾಗೇ ನಿಂತುಬಿಟ್ಟ. ಬೇಸಿನ್ನಿನ ಅಂಚಿನಲ್ಲಿ ಗುಲಾಬಿ ನೊರೆ. ಅವನ ಬ್ರಷ್ ಇನ್ನೂ ಒಣಗಿದ್ದೇ ಇತ್ತು. ಹೆಂಡತಿ ಇನ್ನೂ ಎದ್ದಿರಲಿಲ್ಲ.

ಮಗಳು ಹೆಗಲಿಗೆ ಬ್ಯಾಗ್ ಏರಿಸಿಕೊಂಡು ಬಂದಳು.

"ಏನೇ ಇದು?"

"ಏನಪ್ಪಾ?"

"ಕೆಂಪಗೆ."

"ಪೇಸ್ಟಿನ ಬಣ್ಣ."

ಪೇಸ್ಟು ಬಿಳಿ. ಅವಳು ಅವನನ್ನು ಸರಿಸಿ, ನೊರೆಯನ್ನು ಅಂಗೈಯಿಂದ ಬಳಿದು, ನಲ್ಲಿ ಬಿಟ್ಟಳು. ಥೇಟ್ ಅವನದೇ ಕೈಚಳಕ! ಹೋಗುವಾಗ ಗೋಡೆಯಿಂದ ಒಂದು ಪ್ಯಾಕೆಟ್ ಕಿತ್ತು ಬ್ಯಾಗಿಗೆ ತುರುಕಿದಳು. "ಲೇ, ಅದನ್ನಿಡು" ಎನ್ನಲು ಅವನು ಬಾಯಿ ತೆರೆದ. ನಾಲಿಗೆ ಹಲ್ಲನ್ನು ನೋಡಲು ಹೋಗಿತ್ತು. ಅದು ಬರುವಷ್ಟರಲ್ಲಿ ಬಾಗಿಲು ಮುಚ್ಚಿತು.

ಸ್ಟುಡಿಯೋದ ತನಕ ಬಸ್ಸಿನಲ್ಲಿ ಅವನು ಕೂತ ಸೀಟಿನಲ್ಲಿ ಕೂರಲಿಲ್ಲ. ಕಿಟಕಿ ತೆಗೆದ, ಮುಚ್ಚಿದ, ಎದ್ದು ನಿಂತ. ಕಂಡಕ್ಟರ್ "ಇರುವೆ ಕಚ್ತಾ ಇದ್ಯಾ ಸ್ವಾಮಿ?" ಎಂದು ಕೇಳಿದ.

"ಇಲ್ಲಪ್ಪಾ, ಕಚ್ಚೋನು ನಾನೇ."

ಸ್ಟುಡಿಯೋದಲ್ಲಿ ಗಾಜಿನ ಆಚೆ ಇಬ್ಬರಿದ್ದರು. ಸದ್ದು ಹಿಡಿಯುವ ಕಿವಿಯಣ್ಣ, ಕಂಪನಿಯ ಜಾಹೀರಾತು ಮೇಡಂ. ಈಚೆ ಇವನು, ಮೈಕು, ಒಂದು ತಟ್ಟೆ ಹೊಸ ತಿಂಡಿ. ಹೆಡ್‌ಫೋನ್ ಹಾಕಿಕೊಂಡು ಎಡಗಡೆಯಿಂದ ಕಚ್ಚಿದ.

"ಇದೇನಣ್ಣಾ," ಕಿವಿಯಣ್ಣನ ದನಿ ಬಂತು, "ಬಿಸ್ಕತ್ತು ಚಹಾದಲ್ಲಿ ಬಿದ್ದ ಹಾಗಿದೆ?"

ಮತ್ತೆ ಕಚ್ಚಿದ.

"ಈಗ ಚಹಾನೂ ಆರಿತು. ಬಲಗಡೆ ಕಚ್ಚಣ್ಣ! ನಿನ್ನ ಕುರುಂ ಇರೋದೇ ಬಲಗಡೆ."

"ಇವರ ಕೈಲಿ ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ," ಎಂದಳು ಮೇಡಂ.

ಅವನು ತುಣುಕನ್ನು ಬಲಗಡೆಗೆ ಸರಿಸಿದ. ಮಗಳ ಅಂಗೈ, ನಲ್ಲಿ, ಗುಲಾಬಿ ನೀರು ಕಣ್ಣ ಮುಂದೆ ಸುಳಿದವು. ಕಣ್ಣು ಮುಚ್ಚಿ ಕಚ್ಚಿದ.

ಕುರುಂ. ಅದರ ಬಾಲಕ್ಕೇ ಒಂದು 'ಟಕ್'.

ಗಾಜಿನ ಆಚೆ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟಳು. "ಅದೇ! ಆ ಟಕ್! ಎಲ್ಲಿಟ್ಟಿದ್ರಿ ಅದನ್ನ ಇಷ್ಟು ದಿನ?"

"ಬಾಯಲ್ಲೇ ಮೇಡಂ."

"ಅದ್ಭುತ! ಹಾಗೇ ಇನ್ನೊಂದ್ಸಲ ಕೊಡಿ."

ಅವನು ಅಂಗೈಗೆ ಉಗಿದು ಗಾಜಿನ ಕಡೆ ಚಾಚಿದ. ಕೆಂಪು ಎಂಜಲು, ಹಳದಿ ಪುಡಿ, ನಡುವೆ ಬೆಳ್ಳಗೆ ಹಲ್ಲು. ಡಾಕ್ಟರಮ್ಮ ಹೇಳಿದ ಹಾಗೆ ಭೇಷಾಗಿಯೇ ಇತ್ತು. ಮೇಡಂ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ತಿರುಗಿ, ತಮ್ಮ ಕಡೆಯ ಮೈಕು ಆನ್ ಇದೆಯೆಂಬುದನ್ನು ಮರೆತು, ಕಿವಿಯಣ್ಣನ ಕಿವಿಯಲ್ಲಿ ಪಿಸುಗುಟ್ಟಿದ್ದು ಇವನ ಎರಡೂ ಕಿವಿಗೆ ಬಿತ್ತು: "ರೆಕಾರ್ಡ್ ಆಗಿದೆ ತಾನೆ?"

ಆಗಿತ್ತು. ಕರಾರೂ ಆಯಿತು. ಮೇಡಂ ಕೈ ಕುಲುಕಿ, "ಇನ್ನೂ ಹಲ್ಲುಗಳಿವೆಯಲ್ಲ, ಚಿಂತೆ ಮಾಡ್ಬೇಡಿ," ಎಂದು ಧೈರ್ಯ ಹೇಳಿದಳು. ಅವನು ಬಾಯಿಗೆ ಹತ್ತಿ ತುರುಕಿಕೊಂಡು ತಲೆಯಾಡಿಸಿದ. ಬಾಗಿಲ ಹತ್ತಿರ ರಟ್ಟಿನ ಡಬ್ಬಿ ಕಾದಿತ್ತು. ಅದನ್ನು ದಾಟಿ ಮೆಟ್ಟಿಲಿಳಿದ.

"ಅಣ್ಣಾ, ಡಬ್ಬಿ ಮರ್ತೆಯಲ್ಲ!" ಎಂದು ಕಿವಿಯಣ್ಣ ಕೂಗಿದ.

ಮರೆತಿರಲಿಲ್ಲ.

ಮನೆಗೆ ಬಂದಾಗ ಮಗಳು ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು, ಬೆರಳ ತುದಿಯಲ್ಲಿ ಹಳದಿ. "ಅಪ್ಪಾ, ಹೊಸದು ತರ್ಲಿಲ್ವಾ?"

ಅವನು ಎದುರಿಗೆ ಕೂತು, ಹತ್ತಿ ತೆಗೆದು, ಬಾಯಿ ಅಗಲಿಸಿದ. ಅವಳು ಮೊಬೈಲ್ ಟಾರ್ಚ್ ಹಾಕಿ ಇಣುಕಿದಳು.

"ಅಯ್ಯಯ್ಯೋ! ಒಂದು ಮನೆ ಖಾಲಿ!" ಎಂದವಳ ನಗು ಅರ್ಧಕ್ಕೇ ನಿಂತಿತು. "ಬಿದ್ದೋಯ್ತಾ? ಯಾಕಪ್ಪಾ?"

"ಮೊದ್ಲು ನೊರೆ ಕೆಂಪಗಾಯ್ತು. ಯಾರಿಗೂ ಹೇಳ್ಲಿಲ್ಲ ನಾನು, ತೊಳೆದೆ. ಆಮೇಲೆ ಹೀಗಾಯ್ತು." ಮಾತಿನ ನಡುವೆ ಗಾಳಿ ನುಗ್ಗಿ ಅಕ್ಷರಗಳು ತೇಲಿ ಹೋಗುತ್ತಿದ್ದವು. ಟಾರ್ಚನ್ನು ಅವಳ ಕೈಯಿಂದ ತಗೊಂಡ. "ಈಗ ನಿಂದು ತೋರ್ಸು. ನಾಳೆ ಇಬ್ರೂ ಡಾಕ್ಟರಮ್ಮನ ಹತ್ರ ಹೋಗೋಣ."

ಮಗಳು ತುಟಿ ಬಿಗಿದಳು. ತಲೆ ಎಡಕ್ಕೆ, ಬಲಕ್ಕೆ.

"ಬೈಯಲ್ಲ ಕಣೇ. ಬೈಯೋಕೆ ನಂಗೇನು ಬಾಯಿದೆ?"

ತುಟಿ ಬಿಗಿದೇ ಇತ್ತು. ಒಳಗೆ ಅವಳ ನಾಲಿಗೆ ಎಲ್ಲಿಗೋ ಹೋಗಿ ಏನನ್ನೋ ಮುಟ್ಟಿ ಬರುವುದು ಕೆನ್ನೆಯ ಮೇಲೆ ಕಾಣುತ್ತಿತ್ತು.

"ಏನ್ರೀ ಅದು, ಇಬ್ಬರದೂ ಸದ್ದೇ ಇಲ್ಲ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

ಅವನು ಟಾರ್ಚ್ ಆರಿಸಲಿಲ್ಲ. ಬಾಯಿ ತೆರೆದುಕೊಂಡು, ಮಗಳೂ ತೆರೆಯಲಿ ಎಂದು ಕೂತ.