ಚೆಲ್ಲಿದ ಸಾರಿನ ಲೆಕ್ಕ

ನಮ್ಮ ಬಾಳೂರಿನ ಮನೆಯಲ್ಲಿ ಮುಟ್ಟಾಗಿ ಹೊರಗೆ ಕೂರುವ ದಿನಗಳಿಗಾಗಿ ಹಂಬಲಿಸುತ್ತಿದ್ದವಳು ನನ್ನ ಹಿರಿಯ ವಾರಗಿತ್ತಿ ಕೃಷ್ಣಮ್ಮಕ್ಕ ಒಬ್ಬಳೇ. ಉಳಿದವರು ಮುಖ ಸಣ್ಣದು ಮಾಡಿಕೊಂಡು ಹೋಗುವ ಹಿತ್ತಿಲ ಕೋಣೆಗೆ ಅವಳು ತವರಿಗೆ ಹೊರಟವಳಂತೆ ದಾಪುಗಾಲು ಹಾಕುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಉಣ್ಣೆ ಕೋಟು, ಅದರ ಜೇಬಿನಲ್ಲಿ ಪೆನ್ಸಿಲು, ಲಾಗರಿತಮ್ ಕೋಷ್ಟಕ. ಹೊರಗಾದವಳು ಪುಸ್ತಕ ಮುಟ್ಟಬಾರದೆಂದು ಅತ್ತೆ ದ್ಯಾವಮ್ಮನವರು ತಡೆದಾಗ, ಉಣ್ಣೆಗೆ ಮೈಲಿಗೆ ತಟ್ಟದೆಂದು ನೀವೇ ಹೇಳಿದ್ದಿರಲ್ಲ ಎಂದು ಕೋಟಿನ ತೋಳಿನಿಂದಲೇ ಹಾಳೆ ತಿರುವಿ ತೋರಿಸಿದ್ದಳು. ಸಾರಿಗೆ ಉಪ್ಪು ಕಡಿಮೆ ಎಂದರೆ, ಎಷ್ಟು ಕಡಿಮೆ ಎಂದು ಕೇಳುವ ಹೆಂಗಸು ಅವಳು.

ಎರಡನೇ ಮಹಾಯುದ್ಧದ ವರ್ಷಗಳವು. ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದಿ ಬಂದಿದ್ದ ಅವಳಿಗೆ ಅಲ್ಲಿನ ಪ್ರೊಫೆಸರು ಒಂದು ಲೆಕ್ಕ ವಹಿಸಿದ್ದರು. ಉಪ್ಪಿನ ಹರಳಿನೊಳಗೆ ಪರಮಾಣುಗಳು ಸಾಲಾಗಿ ಕೂತಿದ್ದರೂ ಶಾಖದಿಂದ ಸದಾ ನಡುಗುತ್ತವಂತೆ. ಹರಳಿಗೆ ಎಕ್ಸ್-ರೇ ಹಾಯಿಸಿ ತೆಗೆದ ಫೋಟೋದಲ್ಲಿ ಆ ನಡುಕದಿಂದ ಚುಕ್ಕೆಗಳು ಮಂಕಾಗಿ ಸುತ್ತ ಮಸುಕು ಹರಡುತ್ತದಂತೆ. ಆ ಮಸುಕು ಎಲ್ಲಿ, ಎಷ್ಟು ಎಂದು ಅವಳು ಕಂಡುಹಿಡಿಯಬೇಕು. ದೀಪಾವಳಿಯೊಳಗೆ ಮುಗಿಸದಿದ್ದರೆ ಕೆಲಸ ಬೇರೊಬ್ಬರ ಪಾಲು. ರುಬ್ಬಿ, ಬಡಿಸಿ, ಎಂಜಲು ಬಳಿದು ಎರಡು ಸಾಲು ಗಣಿತ ಬರೆಯುವಷ್ಟರಲ್ಲಿ ಯಾರಿಗೋ ಕಾಫಿ ಬೇಕಾಗುತ್ತಿತ್ತು. ಹೊರಗಾದರೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಆಗ ಅವಳ ಪಾಲಿನ ಒರಳು ನನ್ನ ಪಾಲಿಗೆ ಬರುತ್ತಿತ್ತೆಂಬುದನ್ನೂ ಹೇಳಬೇಕು.

ನವರಾತ್ರಿ ಕಳೆದ ಮೇಲೆ, ಒಂದೇ ತಿಂಗಳಲ್ಲಿ ಎರಡನೆಯ ಸಲ, ಕಾಗೆ ಮುಟ್ಟಿತೆಂದು ಹೇಳಿ ಅಕ್ಕ ಹಿತ್ತಿಲು ಸೇರಿದಳು. ಅತ್ತೆ ಊಟದ ತಟ್ಟೆ ಹಿಡಿದು ತಾವೇ ಹೋದರು. ಹಿಂದೆ ನಾನು, ನೀರಿನ ಚೊಂಬಿನೊಡನೆ.

"ಈ ವರ್ಷ ಕಾಗೆ ಜಾಸ್ತಿ ಆದ್ವು ಕಣೆ, ಕೃಷ್ಣಮ್ಮ."

ಅಕ್ಕ ನಕ್ಕುಬಿಟ್ಟಳು, ಆಮೇಲೆ ಲೆಕ್ಕ ಮುಗಿಸಲೆಂದೇ ಹೊರಗಾದೆನೆಂದು ನಿಜ ಹೇಳಿದಳು. ಅತ್ತೆಗೆ ತಿಳಿಯಲೆಂದು ಹರಳನ್ನು ಊಟದ ಪಂಕ್ತಿ ಮಾಡಿದಳು: ಸಾಲಾಗಿ ಕೂತ ಮಕ್ಕಳು ಅಲುಗಾಡಿದರೆ ಬಡಿಸಿದ ಸಾರು ಎಲೆಯಾಚೆ ಚೆಲ್ಲುವುದಿಲ್ಲವೇ, ಆ ಚೆಲ್ಲಿದ್ದರ ಲೆಕ್ಕ ತನ್ನದು.

"ಚೆಲ್ಲಿದ್ದು ಒರೆಸೋದ್ರಲ್ಲೇ ನನ್ನ ಜೀವ ಸವೀತು. ಲೆಕ್ಕ ಹಾಕೋರನ್ನ ಈಗ ಕಂಡೆ."

ತಟ್ಟೆ ಇಟ್ಟು ಅತ್ತೆ ನೇರ ಜಗಲಿಗೆ ನಡೆದರು. ಅಕ್ಕನ ಗಂಡ ತಿಮ್ಮಪ್ಪ ಭಾವ, ನಾಳೆ ಬೆಳಿಗ್ಗೆ ದೋಸೆಯಾದೀತೇ ಎಂದು ವಿಚಾರಿಸುತ್ತಿದ್ದರು.

"ನಿನ್ನ ಹೆಂಡ್ತಿ ಹೊರಗಿದ್ದಾಳೆ. ಇವಳೊಬ್ಬಳು ಎಷ್ಟು ಅಂತ ರುಬ್ತಾಳೆ? ನೀನೇ ರುಬ್ಬು, ಮಾರಾಯ."

ಎಷ್ಟು ದಿನ ಎಂದು ಭಾವ ಮೆಲ್ಲಗೆ ಕೇಳಿದರು. ಗಂಡಸರು ಅದನ್ನೆಲ್ಲ ಕೇಳಬಾರದೆಂದರು ಅತ್ತೆ. ಭಾವ ರುಬ್ಬಿದರು. ದೋಸೆಯಲ್ಲಿ ಇಡೀ ಅಕ್ಕಿಕಾಳು ಸಿಕ್ಕವು. ಎಲ್ಲರೂ ಅಗಿದು ನುಂಗಿದರು.

ಲೆಕ್ಕ ಹಬ್ಬಕ್ಕೆ ಮೊದಲೇ ಬೆಂಗಳೂರು ತಲುಪಿತು. ಅದು ಫೋಟೋದ ಮಸುಕಿಗೆ ಹೊಂದಿತೆಂದೂ, ಮುಂದಿನ ಲೆಕ್ಕವೂ ಅವಳದೇ ಎಂದೂ ತಿಳಿದ ದಿನ ಅಕ್ಕ ಹಿಟ್ಟಿನ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಬೈಯುತ್ತಲೇ ನಿಂತಿದ್ದರು, ಬಿಡಿಸಿಕೊಳ್ಳಲಿಲ್ಲ.

ಇಂಥ ಹೆಂಗಸರನ್ನು ಆಮೇಲೂ ಕಂಡಿದ್ದೇನೆ. ತಮ್ಮನ್ನು ದೂಡಿದ ಮೂಲೆಯಲ್ಲೇ ಚಾಪೆ ಹಾಸಿ, ಕಾಲು ಚಾಚಿ, ಜಗತ್ತು ಹೇಗೆ ನಡುಗುತ್ತದೆಂದು ಸುಖವಾಗಿ ಯೋಚಿಸುವವರು. ಅವರ ಬುದ್ಧಿಯನ್ನು ಹೊಗಳುವವರು ಎಲ್ಲೆಲ್ಲೂ ಸಿಗುತ್ತಾರೆ. ಆ ಹೊತ್ತಿನಲ್ಲಿ ಒರಳ ಮುಂದೆ ಕೂರುವವರು ಸಿಕ್ಕರೆ ಮಾತ್ರ ಲೆಕ್ಕ ಮುಗಿಯುತ್ತದೆ.